ತಿರುಗುವ ರಕ್ತ

ಗುಂಯ್ ಎನ್ನುತ್ತಲೇ ಇದೆ ಆ ಯಂತ್ರ, ಮಿಕ್ಸಿಗಿಂತ ತುಸು ದೊಡ್ಡದು, ಒಳಗೆ ತಿರುಗುತ್ತಿರುವುದು ಅವಳದೇ ರಕ್ತ, ಈಗಷ್ಟೇ ಎಡತೋಳಿನಿಂದ ಎಳೆದದ್ದು — ಕೆಂಪು ತಳಕ್ಕಿಳಿದು ಮೇಲೆ ಹಳದಿ ನೀರು ನಿಲ್ಲುತ್ತೆ, ಅದರಲ್ಲಿರೋ ಪ್ಲೇಟ್‌ಲೆಟ್ಟನ್ನೇ ನಿಮ್ಮ ಬಲಭುಜಕ್ಕೆ ಚುಚ್ಚೋದು, ನಿಮ್ಮದೇ ಸರಕು ಅಮ್ಮಾ, ಹೊರಗಿನದೇನೂ ಇಲ್ಲ, ಅಂದಿದ್ದಳು ನರ್ಸು — ಆ ಸರಕು ಕೆಡಬಾರದೆಂದು ತಾನೇ ಹತ್ತು ದಿನದಿಂದ ನೋವಿನ ಮಾತ್ರೆ ಮುಟ್ಟದೆ ಹಲ್ಲು ಕಚ್ಚಿ ಕೂತದ್ದು, ಬಾಚಣಿಗೆ ಎತ್ತಲಾಗದೆ ಸೊಸೆಯ ಮುಂದೆ ತಲೆ ಬಗ್ಗಿಸಿದ್ದು, ಹೊಲಿಗೆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಬಟ್ಟೆ ಕತ್ತರಿಸಿದ ಮೇಜನ್ನು ಸದ್ಯಕ್ಕೆಂದು ಹೊಸದಾಗಿ ಕೆಲಸಕ್ಕೆ ಸೇರಿದವಳಿಗೆ ಬಿಟ್ಟುಕೊಟ್ಟದ್ದು, ಈ ತಿಂಗಳೊಳಗೆ ಚುಚ್ಚಿಸ್ಕೊಂಡ್ರೆ ವಾಸಿ ಆಗೋವರೆಗೂ ಕಾಯ್ತೀನಿ ಅಕ್ಕಾ, ಇನ್ನೂ ಮುಂದಕ್ಕೆ ಹಾಕಿದ್ರೆ ಮೇಜು ಅವಳಿಗೇ, ಎಂದಿದ್ದ ಮಾಲೀಕ, ಮುಖ ನೋಡದೆ, ಗುಂಡಿಡಬ್ಬಿ ಕಲಕುತ್ತ — ಈಗ, ಎಲ್ಲ ಮುಗಿಯುತ್ತ ಬಂದಾಗ, ಸ್ಟೂಲಿನ ಮೇಲೆ ಕೂತ ಈ ಮಹಾರಾಯ, ಕೈಹಿಡಿದ ಗಂಡ, ಗಂಟಲು ಸರಿಮಾಡಿಕೊಂಡು, ಲೇ, ಬಯ್ಯಬೇಡ, ಮೂರು ದಿನದಿಂದ ಗ್ಯಾಸಿನ ಮಾತ್ರೆ ಅಂತ ಕೊಟ್ನಲ್ಲ, ಅದು ನೋವಿಂದು.

ಬಯ್ಯಬಾರದಂತೆ! ನೀನು ನರಳೋದು ಕೇಳೋಕಾಗಲಿಲ್ಲ ಕಣೇ, ಅಂತಾನೆ — ಕಿವಿಗೆ ಹತ್ತಿ ತುರುಕಿಕೊಳ್ಳಬೇಕಿತ್ತು, ಎದ್ದು ಆಚೆ ಹೋಗಬೇಕಿತ್ತು, ಹತ್ತು ದಿನ ನೋವಿನ ಮಾತ್ರೆ ಕೂಡದೆಂದು ಡಾಕ್ಟರು ಬೆರಳು ಮಡಚಿ ಮಡಚಿ ಹೇಳುವಾಗ ಕೋಲೆಬಸವನ ಹಾಗೆ ತಲೆಯಾಡಿಸಿದವನು ಇವನೇ, ತೋಳು ತಾನಾಗಿಯೇ ಹಗುರಾಯಿತೆಂದು ನಿನ್ನೆ ಸೊಸೆಯೆದುರು ಬೀಗಿದವಳು ತಾನು, ಥೂ, ಆ ಮಾತ್ರೆಗಳೋ, ದೊಡ್ಡದು ಗಂಟಲಲ್ಲಿ ನಿಲ್ಲುತ್ತದೆಂದು ಹೆಬ್ಬೆರಳಿನ ಉಗುರಿಟ್ಟು ಎರಡು ಮಾಡಿ, ಪುಡಿ ಊದಿ, ಅಂಗೈಯಲ್ಲಿ ಚಾಚಿದ್ದ — ಬಾಯಿಬಿಟ್ಟರೆ ತಾನೇ ನರ್ಸಿಗೆ ಗೊತ್ತಾಗುವುದು, ಸುಮ್ಮನೆ ಚುಚ್ಚಿಸಿಕೊಂಡು ಹೋದರೆ? ಮೇಜು ಉಳಿಯುತ್ತದೆ, ಭುಜ? ಭುಜವೇ ಏಳದೆ ಮೇಜು ಯಾತಕ್ಕೆ, ಎರಡು ತುಂಡು, ಬೆಳ್ಳಗೆ, ಆ ಒರಟು ಅಂಗೈಯಲ್ಲಿ — ಯಂತ್ರ ನಿಂತಿತು, ನರ್ಸು ಕೊಳವೆ ಎತ್ತಿ ಬೆಳಕಿಗೆ ಹಿಡಿದಳು, ಎಷ್ಟು ಚೆನ್ನಾಗಿ ಬಂದಿದೆ ನೋಡಿ ಅಮ್ಮಾ, ಅಂದಳು — ಬೇಡಮ್ಮಾ ಅದು, ನೋವಿನ ಮಾತ್ರೆ ಬೆರೆತ ರಕ್ತ, ನಿನ್ನೆಯೂ ನುಂಗಿದೀನಿ, ಎಂದುಬಿಟ್ಟಳು, ಧ್ವನಿ ತನ್ನದೇ, ನರ್ಸು ಕೊಳವೆ ಇಳಿಸಿದಳು, ಅಯ್ಯೋ, ಹಾಗಾದ್ರೆ ಇವತ್ತಾಗಲ್ಲ, ಇನ್ನು ಹತ್ತು ದಿನ ಬಿಟ್ಟು ಹೊಸದಾಗಿ ತೆಗೀಬೇಕು — ಹತ್ತು ದಿನ, ಈ ತಿಂಗಳಲ್ಲಿ ಉಳಿದಿರುವುದು ಆರೇ, ಹೋಯಿತು ಮೇಜು, ಇನ್ನು ಬಯ್ಯಬೇಕು, ಏಳೇಳು ತಲೆಮಾರು ಸೇರಿಸಿ ಬಯ್ಯಬೇಕು, ಬಯ್ಯಲೆಂದೇ ಅವನತ್ತ ತಿರುಗಿದಳು, ಬಾಯಿ ತೆರೆದಳು, ಕಣ್ಣಿಗೆ ಕಟ್ಟಿದ್ದು ಬರೀ ಆ ಉಗುರು, ಆ ಪುಡಿ ಊದುವ ಮುದಿ ತುಟಿ, ಅಂಗೈ, ಅಂಗೈಯಲ್ಲಿ ಎರಡು ತುಂಡು —