ರಾಗಿಯ ಸಾಕ್ಷಿ

ದೆಹಲಿಯ ಆರ್.ಕೆ.ಪುರಂ ಕ್ವಾರ್ಟರ್ಸಿನ ಆ ಬ್ಲಾಕಿನಲ್ಲಿ ಲೀಲಮ್ಮನ ಕೈಮುದ್ದೆ ತಿನ್ನದ ಕನ್ನಡಿಗರಿರಲಿಲ್ಲ. ಬೇಡ ಎಂದರೆ ಬಿಡುವ ಹೆಂಗಸೂ ಅಲ್ಲ ಆಕೆ. ಮಂಡ್ಯದ ಕಡೆಯಿಂದ ಯಾರೇ ರೈಲು ಹತ್ತಲಿ, ಫೋನು ಮಾಡಿ ಅವರ ತಲೆಗೊಂದು ರಾಗಿ ಚೀಲ ಕಟ್ಟುವುದು ಗಂಡ ಕೆಂಪಣ್ಣನ ಪಾಲಿನ ಕೆಲಸ. ಹಿಟ್ಟಿನ ಗಿರಣಿಯ ಭಯ್ಯಾ ಮೊದಲು ಇದೇನು ಸಾಸಿವೆಯೇ ಎಂದು ನಕ್ಕಿದ್ದನಂತೆ. ಈಗ ಲೀಲಮ್ಮ ಬಂದರೆ ಗೋಧಿ ನಿಲ್ಲಿಸಿ ರಾಗಿ ಹಾಕುತ್ತಾನೆ.

ಮಗ ಸುಹಾಸ್ ದೆಹಲಿಯಲ್ಲೇ ಹುಟ್ಟಿ ಬೆಳೆದವನು. ಬಾಯಲ್ಲಿ ಹಿಂದಿ, ಹೊಟ್ಟೆಯಲ್ಲಿ ರಾಗಿ. ಗುಂಡು ಎಸೆತದಲ್ಲಿ ಅವನು ಮೆಡಲ್ ತಂದಾಗಲೆಲ್ಲ ಲೀಲಮ್ಮ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ, “ಎಲ್ಲ ನನ್ನ ಮುದ್ದೆ ಮಹಿಮೆ” ಎನ್ನುತ್ತಿದ್ದಳು. ಕೆಳಗಿನ ಮನೆಯ ಹರಿಣಿ ನಕ್ಕು ತಲೆಯಾಡಿಸುತ್ತಿದ್ದಳು. ಒಂಟಿ ಹೆಣ್ಣು ಎಂದು ವಾರಕ್ಕೊಮ್ಮೆ ಸೊಪ್ಪಿನ ಸಾರು, ಮುದ್ದೆ ಅವಳ ಮನೆಗೂ ಇಳಿದು ಬರುತ್ತಿತ್ತು.

ಹರಿಣಿಯ ಕೆಲಸವನ್ನು ಲೀಲಮ್ಮ ಮೂಗು ಮುರಿಯದೆ ಹೇಳಿದ್ದೇ ಇಲ್ಲ. ಕ್ರೀಡಾಪಟುಗಳ ಮೂತ್ರ ಪರೀಕ್ಷಿಸುವ ಲ್ಯಾಬಿನಲ್ಲಿ ಅವಳು ಕೆಮಿಸ್ಟ್. ಬಾಟಲಿಯ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು. ಅವಳಿಗೂ ಹಾಗಿದ್ದರೇ ನೆಮ್ಮದಿ.

2009ರ ಚಳಿಗಾಲದಲ್ಲಿ ಒಂದು ಬಾಟಲಿ ತಕರಾರು ತೆಗೆಯಿತು. ಅದರಲ್ಲಿ ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನು ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿತ್ತು. ಅಷ್ಟಕ್ಕೇ ಕಳ್ಳ ಎನ್ನುವಂತಿಲ್ಲ, ಕೆಲವರ ಮೈಯೇ ಹಾಗಿರುತ್ತದೆ. ಅದು ಮೈಯದೋ ಸೂಜಿಯದೋ ಎಂದು ತಿಳಿಯಲು ಅದರ ಇಂಗಾಲವನ್ನು ನೋಡಬೇಕು. ಇಂಗಾಲದಲ್ಲಿ ಹಗುರದ್ದು, ಭಾರದ್ದು ಎಂದು ಎರಡು ಬಗೆ. ರಾಗಿ, ಜೋಳ, ಸಜ್ಜೆಯಲ್ಲಿ ಭಾರದ್ದು ತುಸು ಹೆಚ್ಚು. ಅಕ್ಕಿ, ಗೋಧಿ, ಸೋಯಾದಲ್ಲಿ ಕಡಿಮೆ. ಮೈ ತಾನು ತಿಂದದ್ದರಿಂದಲೇ ತನ್ನ ಹಾರ್ಮೋನು ಮಾಡಿಕೊಳ್ಳುತ್ತದೆ. ಕಾರ್ಖಾನೆಯವರು ಹೆಚ್ಚಾಗಿ ಸೋಯಾದಿಂದ ಮಾಡುತ್ತಾರೆ. ಈ ಬಾಟಲಿಯಲ್ಲಿ ಮಿಕ್ಕ ಹಾರ್ಮೋನುಗಳೆಲ್ಲ ಭಾರ, ಟೆಸ್ಟೊಸ್ಟೆರಾನ್ ಒಂದೇ ಹಗುರ. ಮನೆಯ ಸಾರಿಗೆ ಹೋಟೆಲಿನ ಸಾಂಬಾರು ಸುರಿದ ಹಾಗೆ ಎದ್ದು ಕಾಣುತ್ತಿತ್ತು. ಸಜ್ಜೆ ರೊಟ್ಟಿ ತಿನ್ನುವ ಹರಿಯಾಣದ ಹುಡುಗನಿರಬೇಕು ಎಂದುಕೊಂಡು, ಇದು ಸೂಜಿಯದೇ ಎಂಬ ವರದಿಗೆ ಅವಳು ಸಹಿ ಹಾಕಿದಳು.

ತಿಂಗಳ ಮೇಲೆ ಪೇಪರಿನಲ್ಲಿ, ಉದ್ದೀಪನ ಮದ್ದು ತೆಗೆದುಕೊಂಡು ಸಿಕ್ಕಿಬಿದ್ದವರ ಪಟ್ಟಿಯಲ್ಲಿ, ಸುಹಾಸನ ಹೆಸರು ಬಂತು. ಆ ಬಾಟಲಿಯ ಭಾರ ಸಜ್ಜೆಯದಲ್ಲ, ಲೀಲಮ್ಮನ ರಾಗಿಯದು ಎಂದು ಹರಿಣಿಗೆ ಆಗ ಹೊಳೆಯಿತು.

ವಿಚಾರಣೆಗೆ ಮುಂಚಿನ ಭಾನುವಾರ ಲೀಲಮ್ಮ ಹರಿಣಿಯ ಮನೆಗೆ ಬಂದಳು, ಹಿಂದೆ ತಲೆ ತಗ್ಗಿಸಿಕೊಂಡು ಸುಹಾಸ್. ಲೀಲಮ್ಮ ಹಿಟ್ಟಿನ ಚೀಲವನ್ನು ಮೇಜಿನ ಮೇಲೆ ಧೊಪ್ಪನೆ ಇಟ್ಟಳು.

“ನೋಡು ಹರಿಣಿ, ಊಟದಲ್ಲೇ ಏನೋ ಬೆರೆತಿರಬೇಕು ಅಂತ ವಾದ ಮಾಡ್ತಾರಂತೆ ವಕೀಲರು. ಊಟ ಅಂದ್ರೆ ನಂದೇ ತಾನೆ? ನಾನೇ ಹೋಗಿ ಹೇಳ್ತೀನಿ, ಹುಟ್ಟಿದಾಗಿಂದ ಇವನಿಗೆ ಹಾಕಿರೋದು ಇದೇ, ಬೇಕಾದ್ರೆ ಪರೀಕ್ಷೆ ಮಾಡ್ಕೊಳ್ಳಿ ಅಂತ. ಮೊದಲು ನಿಮ್ಮ ಲ್ಯಾಬಲ್ಲಿ ನೀನೊಂದು ಸಲ ನೋಡಿಬಿಡು ಕಣಮ್ಮ.”

ಹರಿಣಿ ಲ್ಯಾಬಿನ ಮಾತು ಹೊರಗೆ ಆಡುವಂತಿಲ್ಲ. ಸುಮ್ಮನಿದ್ದರೆ ಈ ತಾಯಿ ತಾನಾಗಿಯೇ ಹೋಗಿ ಮಗ ರಾಗಿ ತಿಂದು ಬೆಳೆದವನು ಎಂದು ಸಾಕ್ಷಿ ಹೇಳುತ್ತಾಳೆ, ಮಗನ ಕೇಸಿಗೆ ತಾನೇ ಕೊನೆಯ ಮೊಳೆ ಹೊಡೆಯುತ್ತಾಳೆ. ರಾಗಿ ತಿಂದ ಮೈಯಲ್ಲಿ ಅಂಥ ಹಗುರದ ಹಾರ್ಮೋನು ಹುಟ್ಟುವುದಿಲ್ಲ.

“ಬೇಡ ಅಕ್ಕಾ,” ಎಂದಳು. “ರಾಗಿ ತಗೊಂಡು ಹೋಗಬೇಡಿ. ಯಾಕೆ ಅಂತ ಮಾತ್ರ ಕೇಳಬೇಡಿ.”

“ಯಾಕೆ? ನನ್ನ ರಾಗೀಲಿ ಏನಾದ್ರೂ ಇದೆಯಾ? ನನ್ನಿಂದಲೇ ಹೀಗಾಯ್ತಾ?” ಲೀಲಮ್ಮ ಹರಿಣಿಯತ್ತ ಬಾಗಿದಳು.

ಹರಿಣಿ ಕಿಟಕಿಯತ್ತ ತಿರುಗಿದಳು. ಲೀಲಮ್ಮ ಚೀಲದ ಬಾಯಿ ಬಿಚ್ಚಿ, ಒಂದು ಚಿಟಿಕೆ ಹಿಟ್ಟು ತೆಗೆದು ಮೂಸಿ ನೋಡಿದಳು. ಆಮೇಲೆ ನಾಲಿಗೆಗೆ ಹಚ್ಚಿಕೊಂಡು ನೋಡಿದಳು. ಇಷ್ಟು ವರ್ಷ ಊರಿಗೆಲ್ಲ ಹಂಚಿದ ಹಿಟ್ಟನ್ನು ಆಕೆ ಅನುಮಾನದಿಂದ ಮುಟ್ಟುತ್ತಿದ್ದಳು.

ಸುಹಾಸನಿಗೆ ಅದನ್ನು ನೋಡಲಾಗಲಿಲ್ಲ.

“ಅಮ್ಮಾ, ಬಸ್, ಸಾಕು. ಬಿಡು ಅದನ್ನ. ರಾಗೀಲಿ ಏನೂ ಇಲ್ಲ.” ಚೀಲವನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡ. ಬಾಯಿಗೆ ಮೊದಲು ಹಿಂದಿಯೇ ಬಂತು. “ಮೈನೇ... ನಾನೇ ಇಂಜೆಕ್ಷನ್ ತಗೊಂಡೆ. ನಾಳೆ ಅಲ್ಲೂ ಅದನ್ನೇ ಹೇಳ್ತೀನಿ.”

ಲೀಲಮ್ಮ ಬಯ್ಯಲಿಲ್ಲ, ಅಳಲೂ ಇಲ್ಲ. ಸೆರಗಿಗೆ ಬೆರಳು ಒರೆಸಿಕೊಂಡು ಮಗನ ಅಗಲವಾದ ಭುಜವನ್ನೇ ಸ್ವಲ್ಪ ಹೊತ್ತು ನೋಡಿದಳು.

“ನಾನು ಹಾಕಿದ್ದು ಸಾಲಲಿಲ್ವೇನೋ?” ಎಂದು ಕೇಳಿದಳು.

ಸುಹಾಸ್ ಚೀಲವನ್ನು ಎದೆಗವಚಿಕೊಂಡು ನಿಂತೇ ಇದ್ದ. ಹರಿಣಿ ಎದ್ದು ಹೋಗಿ ಲೀಲಮ್ಮನ ಕೈ ಹಿಡಿದುಕೊಂಡಳು.