ಐದನೆಯ ಜಾಗ

ಕನಮಡಿಯ ಸೌಭಾಗ್ಯ ಜೀವನದಲ್ಲಿ ಮೊದಲ ಸಲ ಕಪ್ಪು ಚಸ್ಮಾ ಹಾಕಿಕೊಂಡದ್ದು ತಾನೇ ಹಡೆದ ಮಗಳನ್ನು ನೋಡುವುದಕ್ಕೆ. ಕೇಳಿದವರು ನಕ್ಕಾರು, ನಗಲಿ. ತವರಿಗೆ ಹೋಗಿಬರುತ್ತೇನೆಂದು ಅತ್ತೆಗೆ ಹೇಳಿ ಬಸ್ಸು ಹತ್ತಿದವಳು ತವರೂರು ತಿಕೋಟಾದಲ್ಲಿ ಇಳಿಯಲೇ ಇಲ್ಲ, ನೆಟ್ಟಗೆ ವಿಜಯಪುರಕ್ಕೆ ಬಂದಳು.

ಕೈಯಲ್ಲೊಂದು ಕಾಗದ. ಹೋದ ತಿಂಗಳು ಸೀರೆ ಅಂಗಡಿಯ ಗಲ್ಲೆಯ ಮೇಲೆ ಸಿಕ್ಕಿದ್ದು. ಜೋರಾಪುರ ಪೇಟೆಯನ್ನು ಯಾರ ಹಂಗೂ ಇಲ್ಲದೆ ನೀವೇ ನಡೆದು ನೋಡಿ ಎಂದು ಯಾವುದೋ ಕಾಲೇಜಿನವರು ಅಚ್ಚು ಹಾಕಿಸಿದ ನಕ್ಷೆ. ಎಂಟು ಜಾಗ, ಎಂಟು ಅಂಕಿ, ನಡುವೆ ಬಾಣದ ಗುರುತು. ಐದನೆಯದರ ಮುಂದೆ ‘ಕಾಳಿನ ವ್ಯಾಪಾರಿಗಳ ಹಳೇ ವಾಡೆ. ಮನೆಯವರು ಒಳಗೆ ಕರೆದು ತೋರಿಸುತ್ತಾರೆ’ ಎಂದಿತ್ತು. ಆ ವಾಡೆಯ ಕಿರಿಸೊಸೆಯಾಗಿದ್ದವಳು ಅವಳೇ.

ಗಂಡ ಚೇತನಕುಮಾರ ಗಾಡಿಯಿಂದ ಬಿದ್ದು ಸತ್ತಾಗ ಮಗಳು ರಾಚವ್ವನಿಗೆ ಒಂದೂವರೆ ವರ್ಷ. ಇಪ್ಪತ್ತೆರಡರ ವಿಧವೆಯನ್ನು ಹಾಗೇ ಬಿಟ್ಟಾರೆಯೇ? ತವರಿನವರು ಉಡಿಕಿ ಮಾಡಿ, ಎರಡನೆಯ ಸಂಬಂಧವೆಂದು ಕನಮಡಿಗೆ ಕೊಟ್ಟರು. ಉಡಿಕಿಯಾಗಿ ಹೋಗುವವಳು ಹಳೆಯ ಮನೆಯ ಕೂಸನ್ನು ಹಳೆಯ ಮನೆಗೇ ಬಿಡಬೇಕು, ಮತ್ತೆ ಆ ಹೊಸ್ತಿಲು ತುಳಿಯಬಾರದು. ಹಿರಿಯರು ಕೂತು ಹಾಗೆಂದು ಮಾತು ತೆಗೆದುಕೊಂಡರು. ಹಿರಿಯರಂತೆ ಹಿರಿಯರು! ಅವರಲ್ಲಿ ಯಾವನಿಗಾದರೂ ಎದೆಯಲ್ಲಿ ಹಾಲು ಕಟ್ಟಿತ್ತೇ? ಕನಮಡಿಯಲ್ಲಿ ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಎಂಟೂವರೆ ವರ್ಷ ಕಳೆದವು. ಮಗಳನ್ನು ಕಣ್ತುಂಬ ನೋಡಬೇಕು, ‘ನಾ ನಿನ್ನ ಹಡದಾಕಿ’ ಎಂದು ಒಂದೇ ಒಂದು ಮಾತು ಹೇಳಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ನೇರ ಐದಕ್ಕೇ ಹೋದರೆ ಕಳ್ಳತನ ಗೊತ್ತಾದೀತೆಂದು ಒಂದರಿಂದ ಶುರು ಮಾಡಿದಳು. ಬಾವಿಯ ಮುಂದೆ ನಿಂತು ಕಾಗದ ಓದಿದಳು, ಕಮಾನಿನ ಫೋಟೊ ಹೊಡೆದಳು. ಮೂರು ವರ್ಷ ದಿನಾ ಓಡಾಡಿದ ಓಣಿಯನ್ನು ಪರದೇಶಿಯ ಹಾಗೆ ಬಾಯಿ ತೆರೆದು ನೋಡಿದಳು. ನಾಟಕದವರೇ ನಾಚಬೇಕು! ನಾಲ್ಕು ಮುಗಿದದ್ದೇ ಚಸ್ಮಾ ಸರಿಮಾಡಿಕೊಂಡು ಐದರ ಕಡೆ ಹೊರಳಿದಳು.

ವಾಡೆಯ ಕಟ್ಟೆಯ ಮೇಲೆ ಎರಡು ಜಡೆಯ ಹುಡುಗಿ ಕೂತಿದ್ದಳು. ಚೇತನಕುಮಾರನ ಗದ್ದವೇ.

“ವಾಡೆ ನೋಡಾಕ ಬಂದೀರೇನ್ರಿ? ಬರ್ರಿ, ಎಲ್ಲಾ ನಾನ ತೋರಿಸ್ತೇನಿ. ಇದು ನಮ್ಮ ಮುತ್ತಜ್ಜ ಕಟ್ಟಿಸಿದ್ರಿ. ಈ ಬಾಗಲದ್ದು ಒಂದ ಮೊಳೀನೂ ಬದಲ ಮಾಡಿಲ್ರಿ.”

ಹುಡುಗಿ ಪಾಠ ಒಪ್ಪಿಸುತ್ತ ಮುಂದೆ, ಸೌಭಾಗ್ಯ ಹಿಂದೆ. ಒಳಗೆ ಕತ್ತಲೆಂದು ಚಸ್ಮಾ ತೆಗೆದಳು. ನಡುಮನೆಯ ಗಿಡ್ಡ ಬಾಗಿಲು ಬಂದಾಗ, ಹಳೆಯ ರೂಢಿ, ತಲೆ ತಾನಾಗಿ ಬಗ್ಗಿತು.

“ಅಯ್ಯ! ನಾ ಹೇಳೂಕಿಂತ ಮದಲ ಬಗ್ಗಿದ್ರೆಲ್ರೀ! ಎಲ್ಲಾರೂ ಇಲ್ಲಿ ಹಣಿ ಬಡಕೋತಾರ. ನಿಮಗ ಹ್ಯಾಂಗ ಗೊತ್ತಾತ್ರಿ?”

“ಈ ಕಾಗದದಾಗ ಬರದಾರಲ್ಲವಾ.”

ಹುಡುಗಿ ಕಾಗದ ಇಸಿದುಕೊಂಡು ಬೆರಳಿಟ್ಟು ಓದಿದಳು. “ಇಲ್ಲೆಲ್ಲೂ ಬರದಿಲ್ರಿ,” ಎಂದವಳು ಅಡುಗೆಮನೆಯ ಕಡೆ ತಿರುಗಿ, “ಅವ್ವಾ, ಇಲ್ಲಿ ಬಾ!” ಎಂದು ಕೂಗಿದಳು.

ಆ ಕೂಗಿಗೆ ಸೌಭಾಗ್ಯ ಓಗೊಡಲಿದ್ದಳು. ತುಟಿ ಕಚ್ಚಿ ತಡೆದಳು. ನೀರಿನ ತಂಬಿಗೆ ಹಿಡಿದು ಬಂದವಳು ಹಿರಿಸೊಸೆ ಸೀತವ್ವ, ಅವಳ ನೆಗೆಣ್ಣಿ. ನೋಡಿದ್ದೇ ಗುರುತು ಹಿಡಿದಳು. ತಂಬಿಗೆಯನ್ನು ಕೆಳಗಿಟ್ಟಳು. ಇನ್ನು ಹೊರಗೆ ಹಾಕುತ್ತಾಳೆ ಎಂದು ಸೌಭಾಗ್ಯ ಗಟ್ಟಿಯಾಗಿ ನಿಂತಳು.

ಸೀತವ್ವ ಹಾಗೇನೂ ಮಾಡಲಿಲ್ಲ. ಗುರುತಿಲ್ಲದವರನ್ನು ಕೇಳುವಂತೆ, “ಮಕ್ಕಳೆಷ್ಟವ್ವಾ ನಿಮಗ?” ಎಂದಳು. ಬಾಯಿ ಕೇಳುತ್ತಿತ್ತು, ಕಣ್ಣು ಬೇಡುತ್ತಿದ್ದವು. ಕೆಟ್ಟವಳಲ್ಲ ಸೀತವ್ವ. ಮಕ್ಕಳಿಲ್ಲದ ಜೀವ, ಈ ಕೂಸನ್ನೇ ಹಿಡಿದುಕೊಂಡು ಬದುಕಿದವಳು.

ಹೇಳಬಹುದಿತ್ತು. ಒಂದೇ ಒಂದು, ಇಗೋ ಇಲ್ಲೇ ನಿಂತೈತಿ ಎನ್ನಬಹುದಿತ್ತು. ಅದಕ್ಕೆಂದೇ ಬಂದವಳಲ್ಲವೇ? ಹುಡುಗಿ ಸೀತವ್ವನ ಸೆರಗನ್ನು ಬೆರಳಿಗೆ ಸುತ್ತಿಕೊಂಡು, ಅವಳ ಸೊಂಟಕ್ಕೆ ಒರಗಿ ನಿಂತಿದ್ದಳು.

“ಇಲ್ರಿ ಯಕ್ಕಾ. ಮಕ್ಕಳಿಲ್ಲ ನನಗ.”

ಸೀತವ್ವ ಗೋಡೆಯ ಕಡೆ ಮುಖ ಮಾಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಹುಡುಗಿಗೆ ಮಾತ್ರ ಈ ಹೆಂಗಸಿನ ಕಣ್ಣಲ್ಲಿ ನೀರು ಕಂಡು ಅಯ್ಯೋ ಅನಿಸಿತು. ಹತ್ತಿರ ಬಂದು ಕೈ ಹಿಡಿದಳು.

“ಅಳಬ್ಯಾಡ್ರಿ. ಸೋಮವಾರ ನಾ ಗುಡಿಗೆ ಹೋಗ್ತೇನಲ್ಲ, ನಿಮಗೊಂದ ಕೂಸ ಕೊಡಪಾ ದೇವ್ರ ಅಂತ ಬೇಡ್ಕೋತೇನಿ. ಗಂಡ ಬೇಕೋ, ಹೆಣ್ಣ ಬೇಕೋ?”

ಸೌಭಾಗ್ಯ ಆ ಪುಟ್ಟ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ.

“ಹೆಣ್ಣವಾ. ನಿನ್ನಂಥಾದ್ದ.”

“ಆತ್ರಿ,” ಎಂದ ಹುಡುಗಿ ಬಾಗಿಲವರೆಗೂ ಬಂದು, ಆರನೆಯ ಜಾಗಕ್ಕೆ ಎಡಕ್ಕೆ ಹೊರಳಬೇಕೆಂದು ಕೈ ತೋರಿಸಿದಳು. ಸೌಭಾಗ್ಯ ಎಡಕ್ಕೆ ಹೊರಳಿದಳು.