ಗೀರಿಲ್ಲದ ಲಾರಿ

ಮಾಣಿಕಪ್ಪನ ಲಾರಿಗೆ ವಯಸ್ಸು ಹದಿನಾರು. ಏಳು ಲಕ್ಷ ಕಿಲೋಮೀಟರು ಓಡಿದ ಮೇಲೆ ಮೀಟರು ತನ್ನ ಕೆಲಸ ಮುಗಿಯಿತೆಂದು ನಿಂತುಬಿಟ್ಟಿತ್ತು, ಲಾರಿ ನಿಂತಿರಲಿಲ್ಲ. ಬೆಳಿಗ್ಗೆ ಚಾವಿ ತಿರುಗಿಸಿದರೆ ಒಂದೇ ಸಲಕ್ಕೆ ಏಳುತ್ತಿತ್ತು. ಆ ಮನೆಯಲ್ಲಿ ಹಾಗೆ ಏಳುವವರು ಬೇರೆ ಯಾರೂ ಇರಲಿಲ್ಲ, ಯಜಮಾನನೂ ಸೇರಿ. ಆದರೆ ಮೈ ನೋಡಿದರೆ ದೇವರೇ ಗತಿ. ಎಡಪಕ್ಕೆಯ ಉದ್ದಕ್ಕೂ ಜಾಲಿಮುಳ್ಳು ಎಳೆದ ಗೀರುಗಳು, ಬಲಪಕ್ಕೆಗೆ ಕಬ್ಬಿನ ಟ್ರಾಲಿಗಳು ಒತ್ತಿ ಹೋದ ತಗ್ಗುಗಳು, ಮುಂದೆ ವಾರೆಯಾದ ಬಂಪರು. ಹಣೆಯ ಮೇಲೆ ಬರೆಸಿದ್ದ ‘ಶ್ರೀ ಕೇತಕಿ ಸಂಗಮೇಶ್ವರ ಪ್ರಸನ್ನ’ದಲ್ಲಿ ಸಂಗಮೇಶ್ವರ ಉಳಿದಿದ್ದ, ಪ್ರಸನ್ನ ಅಳಿಸಿಹೋಗಿ ವರ್ಷಗಳಾಗಿದ್ದವು.

ಈ ಲಾರಿ ತಾಂಡೂರಿನ ಗಣಿಗಳಿಂದ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿಕೊಂಡು ಜಹೀರಾಬಾದಿಗೆ, ಅಲ್ಲಿಂದ ನಾರಾಯಣಖೇಡದ ಕಡೆಗೆ ಓಡಾಡುತ್ತಿತ್ತು. ಹದಿನಾರು ವರ್ಷದಲ್ಲಿ ಒಂದು ಫರಸಿಯೂ ಒಡೆದಿರಲಿಲ್ಲ. ಮಾಣಿಕಪ್ಪನ ಜಂಬ ಇದೇ, ಅವನ ಅನ್ನವೂ ಇದೇ. ತಾಂಡೂರಿನ ಕಲ್ಲಿನ ವ್ಯಾಪಾರಿ ಈಶಪ್ಪ ಹತ್ತು ಲಾರಿಗಳನ್ನು ಕಾಯಿಸಿ ಇವನನ್ನು ಮೊದಲು ಕರೆಯುತ್ತಿದ್ದುದು ಆ ಹೆಸರಿಗಾಗಿಯೇ. ಹಾಗೆಂದು ಇದರಲ್ಲಿ ಗುಟ್ಟೇನೂ ಇರಲಿಲ್ಲ. ಸಾಲಾಗಿ ನಿಲ್ಲಿಸಿ ಹೇರಿದ ಕಲ್ಲಿಗೆ ಗಕ್ಕನೆ ಬ್ರೇಕ್ ಹಾಕಿದರೆ ಆಗಿಬರುವುದಿಲ್ಲ. ಇಕ್ಕಟ್ಟಿನ ರಸ್ತೆಯಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಮಾಣಿಕಪ್ಪ ಬ್ರೇಕ್ ಒತ್ತುತ್ತಲೇ ಇರಲಿಲ್ಲ. ಎಡಕ್ಕೆ ಜಾಲಿಗಿಡದೊಳಗೆ ಮೆಲ್ಲಗೆ ಇಳಿಸಿ, ಈ ಕಡೆ ಮುಳ್ಳಿಗೂ ಆ ಕಡೆ ಟ್ರಾಲಿಗೂ ಲಾರಿಯ ಮೈ ಸವರಿಸಿಕೊಂಡು ಪಾರಾಗುತ್ತಿದ್ದ. ಇದನ್ನು ಅವನ ಕೈ ತಾನೇ ಮಾಡುತ್ತಿತ್ತು, ತಲೆಗೆ ಎಂದೂ ತಿಳಿಸಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಅವನ ಹೆಂಡತಿ ಸುಗಲಾಬಾಯಿಯ ತಮ್ಮ ಸಂಜೀವಕುಮಾರ ನಾರಾಯಣಖೇಡದಲ್ಲಿ ಪ್ಲಾಟು ಮಾರುತ್ತಾನೆ. ಹತ್ತಿ ಬೆಳೆಯುವ ಹೊಲದಲ್ಲಿ ಸುಣ್ಣ ಬಳಿದ ನಾಲ್ಕು ಕಲ್ಲು ನೆಟ್ಟು ಅದಕ್ಕೊಂದು ಇಂಗ್ಲಿಷ್ ಹೆಸರಿಡುವುದು ಅವನ ವಿದ್ಯೆ. ಆ ವಿದ್ಯೆಯ ಬಲದಿಂದ ಎರಡು ಅಂತಸ್ತಿನ ಮನೆ ಕಟ್ಟಿಸಿದ್ದ. ನಡುಮನೆಗೆ ತಾಂಡೂರಿನ ನೀಲಿ ಫರಸಿಯೇ ಬೇಕು, ಅದೂ ಒಂದೇ ಗಣಿಯ ಒಂದೇ ಪದರಿನದು, ಬಣ್ಣ ಕೂದಲೆಳೆಯಷ್ಟೂ ಬೇರೆಯಾಗಬಾರದು ಎಂದು ಈಶಪ್ಪನಲ್ಲಿ ತಾನೇ ನಿಂತು ಆರಿಸಿ ಬಂದಿದ್ದ. ತರುವ ಕೆಲಸ ಅಕ್ಕನ ಗಂಡನದು. ಅದನ್ನು ಹೇಳಲು ಜಹೀರಾಬಾದಿಗೆ ಬಂದವನು ಚಹಾ ಕುಡಿಯುತ್ತ ಲಾರಿಯ ಕಡೆ ನೋಡಿ ಮೂಗು ಮುರಿದ.

“ಮಾಮಾ, ಲಾರಿಗಿ ಒಂದೀಟು ಡೆಂಟಿಂಗ್ ಪೇಂಟಿಂಗ್ ಮಾಡಸ್ರಿ. ಕಲ್ಲು ತರೂವಾಗ ನನ್ನ ಮನೀ ಮುಂದ ನಿಂದ್ರತದ. ಗೃಹಪ್ರವೇಶಕ್ಕ ನೀವು ಮಂದೀನ ಕೂಡಿಸ್ಕೊಂಡು ಬರೂದೂ ಇದರಾಗೇ. ಅವತ್ತು ನನ್ನ ಕಸ್ಟಮರ್ ಎಲ್ಲಾ ಬರ್ತಾರ.”

“ಅವರು ಮನೀ ನೋಡಾಕ ಬರ್ತಾರೋ, ಲಾರಿ ನೋಡಾಕೋ?”

“ಮನೀ ಫೋಟೋದಾಗ ಲಾರೀನೂ ಬೀಳ್ತದಲ್ರಿ. ಗುಜರಿ ಅಂಗಡಿ ಬಾಜೂಕ ಮನೀ ಕಟ್ಟ್ಯಾನ ಅಂತಾರ.”

ಗುಜರಿ ಎಂಬ ಮಾತು ಮಾಣಿಕಪ್ಪನಿಗೆ ನಾಟಿತು. ಸಂಜೀವಕುಮಾರ ಹೋದ ಮೇಲೂ ಅವನು ಲಾರಿಯ ಸುತ್ತ ತಿರುಗುತ್ತಲೇ ಇದ್ದ. ಹದಿನಾರು ವರ್ಷ ಕಣ್ಣಿಗೆ ಬೀಳದ ತಗ್ಗುಗಳು ಒಂದೊಂದಾಗಿ ಎದ್ದು ಬಂದು ಅವನನ್ನು ಮಾತಾಡಿಸತೊಡಗಿದವು. ಮಾಡಿಸಲೋ ಬೇಡವೋ ಎಂದು ಎರಡು ದಿನ ರೊಟ್ಟಿ ಮುರಿಯುತ್ತ ಯೋಚಿಸಿದ.

“ಅವ ನನ್ನ ತಮ್ಮ, ಅದಕ್ಕ ಹೇಳ್ತೀನಿ,” ಎಂದಳು ಸುಗಲಾಬಾಯಿ. “ಅವನ ಮಾತು ಕೇಳಿ ಪ್ಲಾಟ್ ತಗೊಂಡವರು ಇನ್ನಾ ಆ ಪ್ಲಾಟಿಗಿ ಹೋಗೂ ದಾರಿ ಹುಡುಕಾಕತ್ಯಾರ. ನೀವು ಬಣ್ಣ ಬಣ್ಣ ಅಂತ ಕುಣೀಬ್ಯಾಡ್ರಿ.”

“ಮಂದಿ ಏನಂತಾರ ಅನ್ನೂದು ನೋಡೂದು ಬ್ಯಾಡೇನು?”

“ಮಂದಿ ಕಲ್ಲು ಒಡೀಲಿಲ್ಲ ಅಂತಾರ. ಅದಕ್ಕಿಂತ ಇನ್ನೇನು ಅನಬೇಕ್ರಿ?”

ಹೆಂಡತಿ ಬೇಡವೆಂದದ್ದರಿಂದ ಅವನ ನಿರ್ಧಾರ ಸುಲಭವಾಯಿತು. ಮರುದಿನವೇ ಹೈವೇ ಪಕ್ಕದ ಗೌಸ್‌ಮಿಯಾನ ಶೆಡ್ಡಿಗೆ ಲಾರಿ ಒಯ್ದ. ಗೌಸ್‌ಮಿಯಾ ಮೂವತ್ತು ವರ್ಷದಿಂದ ಲಾರಿಗಳ ತಗ್ಗು ಎತ್ತಿ ಬಣ್ಣ ಹೊಡೆಯುವವನು. ಬೆರಳ ಗೆಣ್ಣಿನಿಂದ ತಗಡು ಬಡಿದು ನೋಡಿ, ಬಾನೆಟ್ ಎತ್ತಿ ಎಂಜಿನ್ ಸದ್ದು ಕೇಳಿ, ಒಂದೇ ಪ್ರಶ್ನೆ ಕೇಳಿದ.

“ಲಾರಿ ಮಾರ್ತೀರೇನ್ ಸೇಠ್?”

“ಮಾರಾಂಗಿಲ್ಲ. ಓಡಸ್ತೀನಿ.”

“ಓಡಸೂದಾದ್ರ ಪೂರಾ ಬಣ್ಣ ಯಾಕ? ತುಕ್ಕು ಹಿಡದಲ್ಲಿ ಒಂದು ಕೈ ಹೊಡೀತೀನಿ, ಸಾಕು. ಪೂರಾ ಬಣ್ಣ ಮಾರೂವರು ಮಾಡಸ್ತಾರ.”

ಬಂದ ಗಿರಾಕಿಯನ್ನು ತಿರುಗಿ ಕಳಿಸುವ ಪೇಂಟರ್ ಸಿಗುವುದು ಪೂರ್ವಜನ್ಮದ ಪುಣ್ಯ. ಮಾಣಿಕಪ್ಪನಿಗೆ ಆ ಪುಣ್ಯ ಬೇಕಿರಲಿಲ್ಲ. ಪೂರಾ ಮಾಡಲೇಬೇಕೆಂದು ಹಟ ಹಿಡಿದ.

ಎಂಟು ದಿನಕ್ಕೆ ಲಾರಿ ಮದುಮಗನಾಗಿ ಹೊರಬಂತು. ಕೇಸರಿ ಮುಖ, ಬಿಳಿ ಪಟ್ಟಿ ಎಳೆದ ನೀಲಿ ಪಕ್ಕೆ, ಹಿಂದಿನ ಹಲಗೆಯ ಮೇಲೆ ಎರಡು ನವಿಲು. ಹಣೆಯ ಮೇಲೆ ಸಂಗಮೇಶ್ವರ ಮತ್ತೆ ಪ್ರಸನ್ನನಾಗಿದ್ದ. ಆ ಲಾರಿಯ ಪಕ್ಕ ನಿಂತರೆ ತಾನೇ ಗುಜರಿಯಂತೆ ಕಾಣುತ್ತೇನೆ ಎನ್ನಿಸಿ ಮಾಣಿಕಪ್ಪ ಅದೇ ಸಂಜೆ ಮೀಸೆಗೂ ಬಣ್ಣ ಹಚ್ಚಿದ. ಸುಗಲಾಬಾಯಿ ಎರಡನ್ನೂ ನೋಡಿ ಒಳಗೆ ಹೋದಳು.

ತಾಂಡೂರಿನಲ್ಲಿ ಕಲ್ಲು ಹೇರುವ ಸಾಯಪ್ಪ ಹದಿನಾರು ವರ್ಷದಿಂದ ಈ ಲಾರಿಯ ಹಮಾಲಿ. ಕಲ್ಲು ಹೇರಿ, ಜೊತೆಗೇ ಬಂದು, ಇಳಿಸಿಕೊಟ್ಟು ಹೋಗುವವನು. ಅವನು ಲಾರಿ ಹತ್ತಲು ಹೋದಾಗ ಮಾಣಿಕಪ್ಪ ತಡೆದ.

“ಕಾಲು ಒರಸ್ಕೊಂಡು ಹತ್ತು ಸಾಯಪ್ಪ. ಹೊಸಾ ಬಣ್ಣ ಅದ.”

ಸಾಯಪ್ಪ ಒಂದು ಗಳಿಗೆ ಅವನ ಮುಖವನ್ನೂ ಮೀಸೆಯನ್ನೂ ನೋಡಿದ. “ನಾ ಒರಸ್ಕೊಂತೀನ್ರಿ ಮಾಲಕ್ರೆ. ಕಲ್ಲಿಗೂ ಒಂದು ಮಾತು ಹೇಳಿಬಿಡ್ರಿ,” ಎಂದು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕಾಲು ಒರೆಸಿಕೊಂಡ. ಮಾತಿನಲ್ಲಿದ್ದ ಮುಳ್ಳು ಮಾಣಿಕಪ್ಪನಿಗೆ ತಾಗಲಿಲ್ಲ. ಅವನು ಬೇರೆ ಮುಳ್ಳಿನ ಚಿಂತೆಯಲ್ಲಿದ್ದ.

ಆ ಚಿಂತೆ ದಾರಿಯುದ್ದಕ್ಕೂ ಅವನ ಪಕ್ಕದಲ್ಲೇ ಕೂತಿತ್ತು. ಜಹೀರಾಬಾದ್ ದಾಟುವವರೆಗೆ ಆಟೋಗಳಿಗೆ ಅಂಜಿದ, ಬಸ್ಸಿಗೆ ಅಂಜಿದ, ಕೊಂಬು ಬೀಸಿ ನಿಂತ ಎಮ್ಮೆಗೆ ಅಂಜಿದ. ಝರಾಸಂಗಂ ದಾಟಿದ ಮೇಲೆ ರಸ್ತೆ ಕಿರಿದಾಯಿತು. ಎರಡು ಟ್ರಾಲಿ ಕಟ್ಟಿಕೊಂಡು, ಕಬ್ಬಿನ ಗರಿಗಳನ್ನು ಎರಡೂ ಕಡೆ ಚಾಚಿಕೊಂಡು ಒಂದು ಟ್ರ್ಯಾಕ್ಟರ್ ಎದುರಿಗೆ ಬಂತು. ಮಾಣಿಕಪ್ಪನ ಕೈ ಎಂದಿನಂತೆ ಎಡಕ್ಕೆ ಹೊರಳಿತು. ಆಗ ಕನ್ನಡಿಯಲ್ಲಿ ಅವನಿಗೆ ತನ್ನ ನೀಲಿ ಪಕ್ಕೆ ಕಂಡಿತು, ಅದರಾಚೆ ಜಾಲಿಮುಳ್ಳು ಕಂಡಿತು. ಕೈ ಹಿಂದೆ ಬಂತು, ಕಾಲು ಬ್ರೇಕಿನ ಮೇಲೆ ಬಲವಾಗಿ ಕೂತಿತು.

ಹಿಂದಿನಿಂದ ಬಂದ ಸದ್ದನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ, ಆದರೂ ಅದೇನೆಂದು ಗೊತ್ತಾಯಿತು. ಸಾಯಪ್ಪ ಕಣ್ಣು ಮುಚ್ಚಿಕೊಂಡ. ಟ್ರ್ಯಾಕ್ಟರಿನವನು ತಾನೇ ಆಚೆ ಬದಿಯ ಮಣ್ಣಿಗೆ ಇಳಿಸಿ ಮೆಲ್ಲಗೆ ಹಾಯ್ದುಹೋಗುತ್ತ ನವಿಲುಗಳನ್ನು ನೋಡಿ, “ಹೊಸಾ ಲಾರಿ ಭಾರೀ ಅದ್ರಿ,” ಎಂದ.

ಹನ್ನೊಂದು ಫರಸಿ ಒಡೆದಿದ್ದವು. ಲಾರಿಗೆ ಒಂದು ಗೀರೂ ಇರಲಿಲ್ಲ.

ನಾರಾಯಣಖೇಡದಲ್ಲಿ ಸಂಜೀವಕುಮಾರ ಮೊದಲು ಲಾರಿಯ ಸುತ್ತ ಬಂದು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದ. “ಈಗ ನೋಡ್ರಿ ಮಾಮಾ, ನಮ್ಮ ಮನೀ ಮುಂದ ನಿಂದ್ರಾಕ ಲಾಯಕ್ ಆತು,” ಎಂದ. ಆಮೇಲೆ ಸಾಯಪ್ಪ ಹಿಂದಿನ ಹಲಗೆ ಇಳಿಸಿದ. ನವಿಲುಗಳು ಕೆಳಗೆ ಬಂದವು, ಚೂರುಗಳು ಕಂಡವು.

“ಇದೇನ್ರಿ ಇದು? ನಾ ಲಾರಿ ಚಂದ ಮಾಡಸ್ರಿ ಅಂದಿದ್ದೆ, ಕಲ್ಲು ಒಡೀರಿ ಅಂದಿದ್ದಿಲ್ಲ.”

ಮಾಣಿಕಪ್ಪ ಒಂದು ಚೂರು ಎತ್ತಿ ಕೈಯಲ್ಲಿ ಹಿಡಿದ. ಈ ಮನುಷ್ಯನ ಮಾತು ಕೇಳಿ ಹದಿನಾರು ವರ್ಷದ ಹೆಸರನ್ನು ಒಂದು ಬ್ರೇಕಿನಲ್ಲಿ ಕಳೆದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಸಂಜೀವಕುಮಾರನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಸಿಟ್ಟು ದೊಡ್ಡದಿತ್ತು. ಗೃಹಪ್ರವೇಶಕ್ಕೆ ಉಳಿದದ್ದು ಒಂದು ವಾರ. ಹನ್ನೊಂದು ಕಲ್ಲು ತಂದುಕೊಡುತ್ತೇನೆ ಎಂದಷ್ಟೇ ಹೇಳಿ, ಚಹಾ ಕೂಡ ಕುಡಿಯದೆ ಹೊರಟ.

ಮರುದಿನ ಅವನು ತಾಂಡೂರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಈಶಪ್ಪ ಕಲ್ಲಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಅದೇ ಪದರಿನ ಹದಿನೈದು ಕಲ್ಲು ಉಳಿದಿವೆ, ಹನ್ನೊಂದು ಕೊಡುತ್ತೇನೆ ಎಂದ. ಆದರೆ ಸಾಲಿನ ಕೊನೆಯಲ್ಲಿ ನಿಂತಿದ್ದ, ಮೈತುಂಬ ತಗ್ಗು ಬಿದ್ದ ಇನ್ನೊಂದು ಲಾರಿಯ ಕಡೆ ಕೈ ತೋರಿಸಿದ.

“ಅದರಾಗ ಕಳಸ್ತೀನ್ರಿ.”

“ಹದಿನಾರು ವರ್ಷ ನಾನೇ ಒಯ್ದೀನಿ ಈಶಪ್ಪೋರೆ.”

“ಸಿಟ್ಟಾಗಬ್ಯಾಡ್ರಿ ಮಾಣಿಕಪ್ಪೋರೆ. ಹದಿನಾರು ವರ್ಷ ನಿಮಗ ಕಾಯಾಕ ಒಂದೇ ಮಾಲಿತ್ತು, ನನ್ನ ಕಲ್ಲು. ಈಗ ಎರಡಾದ್ವು. ಹಿಂದ ಕಲ್ಲು, ಹೊರಗ ಬಣ್ಣ. ಎದುರಿಗಿ ಟ್ರ್ಯಾಕ್ಟರ್ ಬಂದ್ರ ಯಾವುದನ್ನ ಕಾಯ್ತೀರಿ, ನೀವೇ ತೋರ್ಸಿಬಿಟ್ರಿ. ಇಂಥಾ ಲಾರಿಗಿ ನಾ ಕಲ್ಲು ಹೇರಂಗಿಲ್ಲ.”

ಮಾಣಿಕಪ್ಪ ಹೋಗಿ ಲಾರಿ ಹತ್ತಿದ. ಮನೆಗೆ ಹೊರಟನೆಂದು ಸಾಯಪ್ಪ ತಿಳಿದ. ಲಾರಿ ಗೇಟಿನ ಕಡೆ ಹೋಗಲಿಲ್ಲ. ಅಂಗಳದ ಒಂದು ಬದಿಗೆ ಜಾಲಿಗಿಡಗಳ ದಟ್ಟ ಬೇಲಿಯಿತ್ತು. ಮಾಣಿಕಪ್ಪ ಮೊದಲ ಗೇರ್ ಹಾಕಿ, ಎಡಪಕ್ಕೆಯನ್ನು ಬೇಲಿಗೆ ಒತ್ತಿ, ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ಓಡಿಸಿದ. ಮುಳ್ಳು ತಗಡನ್ನು ಕೆರೆಯುವ ಸದ್ದಿಗೆ ಹಮಾಲಿಗಳೆಲ್ಲ ಕೆಲಸ ಬಿಟ್ಟು ನಿಂತರು. ಮೊದಲ ಹತ್ತು ಅಡಿ ತನ್ನ ಚರ್ಮವೇ ಸುಲಿದಂತೆ ಅವನಿಗೆ ನೋವಾಯಿತು. ಆಮೇಲೆ ಎದೆ ಹಗುರಾಗುತ್ತ ಬಂತು. ತುದಿ ಮುಟ್ಟಿ ತಿರುಗಿಸಿಕೊಂಡು, ಬಲಪಕ್ಕೆಯನ್ನು ಒಡಕು ಕಲ್ಲಿನ ಗುಡ್ಡೆಗೆ ಉಜ್ಜಿಸಿಕೊಂಡು ಬಂದು ಈಶಪ್ಪನ ಕುರ್ಚಿಯ ಮುಂದೆ ನಿಲ್ಲಿಸಿದ.

“ಈಗ ಹೇರಸ್ರಿ,” ಎಂದ.

ಈಶಪ್ಪ ಎದ್ದು ಬಂದು ಒಂದು ಗೀರಿನ ಮೇಲೆ ಬೆರಳಾಡಿಸಿದ. ತಗಡು ಕಾಣುವಷ್ಟು ಆಳವಿತ್ತು. ಸಾಯಪ್ಪನ ಕಡೆ ತಿರುಗಿ ಹೇರು ಎಂಬಂತೆ ತಲೆ ಆಡಿಸಿದ. ಸಾಯಪ್ಪ ಟವೆಲ್ ಬಿಚ್ಚಿ ಬಗ್ಗಿದ.

“ಏನ್ ಮಾಡಾಕತ್ತಿ?” ಎಂದ ಮಾಣಿಕಪ್ಪ.

“ಕಾಲು ಒರಸ್ಕೊಳ್ಳಾಕತ್ತೀನ್ರಿ.”

“ಹತ್ತು ಮಾರಾಯ, ನಂದು ತಪ್ಪಾತು.”

ಹನ್ನೊಂದು ಕಲ್ಲೂ ಹೇಗಿದ್ದವೋ ಹಾಗೆ ನಾರಾಯಣಖೇಡ ಸೇರಿದವು. ದಾರಿಯಲ್ಲಿ ಮೂರು ಟ್ರ್ಯಾಕ್ಟರ್ ಎದುರಾದವು. ಮೂರಕ್ಕೂ ಮಾಣಿಕಪ್ಪ ಜಾಲಿಗಿಡದೊಳಗೆ ಇಳಿದು ದಾರಿ ಕೊಟ್ಟ.

ಗೃಹಪ್ರವೇಶದ ದಿನ ಬೀಗರನ್ನು ತುಂಬಿಕೊಂಡು ಬಂದ ಲಾರಿಯನ್ನು ನೋಡಿ ಸಂಜೀವಕುಮಾರನ ಮುಖ ಸುಣ್ಣವಾಯಿತು. ಹಿಂದಿನ ಓಣಿಯಲ್ಲಿ ನಿಲ್ಲಿಸಿ ಎಂದು ಮೆಲ್ಲಗೆ ಹೇಳಿ ನೋಡಿದ. ಅಷ್ಟರಲ್ಲಿ ಸುಗಲಾಬಾಯಿ ತಮ್ಮನಿಗೆ ಉಡುಗೊರೆ ಕೊಡುವ ಆಹೇರಿನ ಪಾತ್ರೆಗಳೊಂದಿಗೆ ಬಾಗಿಲ ಮುಂದೆಯೇ ಇಳಿದಾಗಿತ್ತು. ಒಳಗೆ ಸಂಜೀವಕುಮಾರನ ಗಿರಾಕಿಗಳು ಬರಿಗಾಲಲ್ಲಿ ನೀಲಿ ನೆಲದ ಮೇಲೆ ಓಡಾಡಿ, ಒಂದೇ ಬಂಡೆಯಂತಿದೆಯಲ್ಲ ಎಂದು ಬಾಯಿತುಂಬ ಹೊಗಳಿದರು. ಮನೆ ಕಟ್ಟಿಸುತ್ತಿದ್ದ ಒಬ್ಬ ಗಿರಾಕಿ, ಇಷ್ಟು ದೂರ ಒಂದು ಅಂಚೂ ಮುರಿಯದಂತೆ ತಂದವರು ಯಾರು ಎಂದು ಕೇಳಿದ. ಸಂಜೀವಕುಮಾರ ಸ್ವಲ್ಪ ಹೊತ್ತು ಬೇರೆ ಮಾತಾಡಿ ನೋಡಿದ. ಆತ ಬಿಡಲಿಲ್ಲ. ಕೊನೆಗೆ ಕಿಟಕಿಯಿಂದ ಲಾರಿಯ ಕಡೆ ಬೆರಳು ಮಾಡಬೇಕಾಯಿತು.

ಬಾಗಿಲ ಮುಂದೆ ತೆಗೆದ ಎಲ್ಲ ಫೋಟೋಗಳಲ್ಲೂ ಮನೆಯವರ ಹಿಂದೆ ಲಾರಿ ಬಿದ್ದಿತ್ತು, ಗೀರುಗಳೆಲ್ಲ ಸ್ಪಷ್ಟವಾಗಿ. ತಿರುಗಿ ಬರುವಾಗ ಕ್ಯಾಬಿನ್ನಿನಲ್ಲಿ ಕೂತ ಸುಗಲಾಬಾಯಿ ಆ ಫೋಟೋಗಳನ್ನು ಒಂದೊಂದಾಗಿ ಗಂಡನಿಗೆ ತೋರಿಸಿದಳು.

“ಮತ್ತ ಬಣ್ಣ ಮಾಡಸ್ತೀರೇನ್ರಿ?”

“ಮಾಡಸ್ತೀನಿ,” ಎಂದ ಮಾಣಿಕಪ್ಪ. “ಇದನ್ನ ನಿನ್ನ ತಮ್ಮಗ ಮಾರೂ ದಿನ.”